ನಾನು ಕಾವಿಗೆ ಕೂತ ದಿನ

ಈ ಕತೆ ಬರೆಯಬೇಕೆಂದು ಎಷ್ಟೋ ಸಲ ಕುಳಿತಿದ್ದೇನೆ. ಕುಳಿತಾಗಲೆಲ್ಲ ಬೇರೊಂದು ಘನವಾದ ಕೆಲಸ ನೆನಪಾಗುತ್ತಿತ್ತು. ಒಮ್ಮೆ ಗಡಿಯಾರಕ್ಕೆ ಕೀ ಕೊಡುವುದು, ಒಮ್ಮೆ ಚಪ್ಪಲಿ ಹೊಲಿಸುವುದು, ಇನ್ನೊಮ್ಮೆ ಛತ್ರಿ ರಿಪೇರಿ. ಛತ್ರಿ ರಿಪೇರಿಗೆ ಹೋದಾಗ ಕಡುಬೇಸಿಗೆ! ಹೀಗೆ ಮುಂದೂಡುತ್ತ ನನಗೆ ವಯಸ್ಸಾಯಿತು. ಈಗ ಮನೆಯ ಗಡಿಯಾರ ಬ್ಯಾಟರಿಯದು, ಚಪ್ಪಲಿ ರಬ್ಬರಿನದು. ನೆಪಗಳು ಮುಗಿದಿವೆ.

ಎಂಬತ್ತರ ದಶಕದ ಆರಂಭದ ಮಾತು. ಅರಸೀಕೆರೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ನಾನು ಅಟೆಂಡರ್. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ಪ್ರಯೋಗಶಾಲೆಯ ಬೀಗದಕೈ ನನ್ನ ಸೊಂಟದಲ್ಲಿ ನೇತಾಡುತ್ತಿದ್ದುದರಿಂದ ವಿಜ್ಞಾನವೂ ಅಲ್ಲೇ ಎಲ್ಲೋ ಇದೆ ಎಂದು ನಂಬಿದ್ದೆ.

ಆ ವರ್ಷ ಒಬ್ಬರು ಹೊಸ ವಿಜ್ಞಾನದ ಮೇಡಂ ಬಂದರು. ಮೈಸೂರಿನಲ್ಲಿ ಓದಿದವರು. ರೈಲ್ವೆ ಸ್ಟೇಷನ್ ಹತ್ತಿರ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ತಾಯಿಯ ಜೊತೆ ಇದ್ದರು. ಅವರ ಹೆಸರನ್ನು ಕೊನೆಗೆ ಹೇಳುತ್ತೇನೆ. ಈಗಲೇ ಹೇಳಿದರೆ ಪೆನ್ನು ನಿಂತುಹೋಗುವ ಅಪಾಯವಿದೆ.

ಮೇಡಂ ಕೆಲಸ ತಾತ್ಕಾಲಿಕವಾಗಿತ್ತು. ಬೇಲೂರಿನಲ್ಲಿ ಸುತ್ತಲಿನ ಶಾಲೆಗಳ ವಿಜ್ಞಾನ ಪ್ರದರ್ಶನ ಎಂದಾಗ ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರು ಅವರನ್ನು ಕರೆಸಿದರು.

"ಅಲ್ಲಿ ನಮ್ಮ ಸ್ಕೂಲಿನ ಮರ್ಯಾದೆ ಉಳಿಸಿ ಮೇಡಂ. ಜೂನ್‌ನಿಂದ ನಿಮ್ಮ ಕೆಲಸ ಖಾಯಂ. ಇಲ್ದಿದ್ರೆ ನಾವು ಬೇರೆಯೋರನ್ನ ನೋಡ್ಕೋಬೇಕಾಗ್ತದೆ."

ಇದಕ್ಕೆ ಸಾಕ್ಷಿ, ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ನಾನೇ.

ಉಳಿದ ಶಾಲೆಗಳು ಜೇಡಿಮಣ್ಣಿನ ಅಣೆಕಟ್ಟು, ರಟ್ಟಿನ ರಾಕೆಟ್ಟು ಎಂದು ಸುರಕ್ಷಿತವಾಗಿದ್ದವು. ನಮ್ಮ ಮೇಡಂ ಮೊಟ್ಟೆ ಆರಿಸಿಕೊಂಡರು. ಮೊಟ್ಟೆಯೊಳಗಿನ ಮರಿಯಲ್ಲಿ ನರವೂ ಮಾಂಸವೂ ಹೇಗೆ ಒಂದನ್ನೊಂದು ಹುಡುಕಿ ಸೇರುತ್ತವೆ ಎಂಬುದನ್ನು ಜೀವಂತವಾಗಿ ತೋರಿಸಬೇಕಂತೆ.

"ಧರಣೇಂದ್ರಯ್ಯ, ನೀವು ಸ್ವಲ್ಪ ಸಹಾಯ ಮಾಡಬೇಕು," ಎಂದರು.

"ಮೇಡಂ, ನಾವು ಜೈನರು."

"ತಿನ್ನೋಕಲ್ಲ ರೀ, ನೋಡೋಕೆ."

"ನೋಡಿದ್ಮೇಲೆ ಅದರ ಗತಿ?"

"ಚಿಪ್ಪಲ್ಲಿ ಸಣ್ಣ ಕಿಟಕಿ ಕೊರೆದು ತೋರಿಸ್ತೀನಿ. ತೋರಿಸಿ, ಟೇಪ್ ಹಚ್ಚಿ ಮುಚ್ಚಿ, ಮತ್ತೆ ಕಾವಿಗೆ ಇಡ್ತೀನಿ. ಎಷ್ಟೋ ಸಲ ಮರಿ ಆಗುತ್ತೆ. ನನ್ನ ಕೈಲಾದಷ್ಟೂ ಉಳಿಸ್ತೀನಿ, ಮಾತು ಕೊಡ್ತೀನಿ."

ಆ ಮಾತಿಗೆ ಒಪ್ಪಿದೆ. ಅವರೇ ಹಳ್ಳಿಗೆ ಹೋಗಿ ಹುಂಜವಿರುವ ಮನೆಯಿಂದ ನಾಟಿ ಮೊಟ್ಟೆ ತಂದರು. ಮರದ ಪೆಟ್ಟಿಗೆಯೊಳಗೆ ಬಲ್ಬು ಹಾಕಿ, ಥರ್ಮಾಮೀಟರ್ ಇಟ್ಟು, ಒಂದೊಂದು ಮೊಟ್ಟೆಯ ಮೇಲೂ ಪೆನ್ಸಿಲಿನಲ್ಲಿ ಪುಟ್ಟ ನಕ್ಷತ್ರ ಬರೆದು ಕಾವಿಗೆ ಇಟ್ಟರು. ದಿನವೂ ಅವುಗಳನ್ನು ಮಗ್ಗುಲು ತಿರುಗಿಸುವುದು ನನ್ನ ಕೆಲಸ. ಕರವಸ್ತ್ರ ಸುತ್ತಿಕೊಂಡು ತಿರುಗಿಸುತ್ತಿದ್ದೆ. ಮುಟ್ಟಿದ್ದು ಕರವಸ್ತ್ರ, ನಾನಲ್ಲ!

ಪ್ರದರ್ಶನ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಮೇಡಂ ಪ್ರಯೋಗಕ್ಕೆಂದು ಒಂದು ಮೊಟ್ಟೆಯಲ್ಲಿ ಕಿಟಕಿ ಕೊರೆದರು. "ಬನ್ನಿ, ನೋಡಿ," ಎಂದು ಕರೆದರು. ನಾನು ಒಂದು ಕಣ್ಣು ಮುಚ್ಚಿಕೊಂಡು ಬಗ್ಗಿದೆ. ಒಂದು ಕಣ್ಣು ಧರ್ಮಕ್ಕೆ, ಒಂದು ಕಣ್ಣು ಸಂಬಳಕ್ಕೆ.

ಹಳದಿಯ ಮೇಲೆ ಕೆಂಪು ದಾರದಂಥ ರಕ್ತನಾಳಗಳು ಹರಡಿದ್ದವು. ನಡುವೆ ಹುಣಸೆಬೀಜದಷ್ಟು ಒಂದು ಜೀವ. ಮೈಗಿಂತ ಕಣ್ಣೇ ದೊಡ್ಡದು. ನೋಡುತ್ತಿದ್ದಂತೆ ಅದು ತಲೆ ಬಾಗಿಸಿ ಎತ್ತಿತು.

"ಮೇಡಂ! ನನಗೆ ನಮಸ್ಕಾರ ಮಾಡ್ತು!"

"ನಿಮಗಲ್ಲ ರೀ. ನೀವು ಇರೋದೇ ಅದಕ್ಕೆ ಗೊತ್ತಿಲ್ಲ. ನರ ಹೋಗಿ ಮಾಂಸಕ್ಕೆ ಸೇರಿದೆ, ಅದಕ್ಕೇ ಅಲ್ಲಾಡ್ತಾ ಇದೆ." ಮೇಡಂ ಮುಖ ಹೊಳೆಯುತ್ತಿತ್ತು. "ಬೆನ್ನುಹುರಿಯಿಂದ ನರದ ಎಳೆ ಹೊರಡುತ್ತೆ. ಕರೆಂಟು ಹೋದಾಗ ನಾವು ಗೋಡೆ ತಡವಿಕೊಂಡು ಹೋಗಲ್ವಾ, ಹಾಗೆ ಅದರ ತುದಿ ತಡವಿಕೊಂಡು ಹೋಗುತ್ತೆ. ಮಾಂಸದ ಎಳೆಗೆ ಕಿವಿಗಳಿವೆ ಅಂದ್ಕೊಳ್ಳಿ. ಮೊದಲು ಮೈಯೆಲ್ಲ ಅಲ್ಲೊಂದು ಇಲ್ಲೊಂದು. ನರ ಬಂತೋ, ಕಿವಿಗಳೆಲ್ಲ ಆ ಜಾಗದಲ್ಲಿ ಗುಂಪುಗೂಡ್ತವೆ."

"ಬಂದು ಅಂಟಿಕೊಳ್ಳುತ್ತಾ?"

"ಪೂರ್ತಿ ಅಂಟಲ್ಲ. ಅದೇ ಚಂದ ನೋಡಿ. ನಡುವೆ ಒಂದು ಸಂದು ಉಳಿಯುತ್ತೆ, ಕೂದಲಿಗಿಂತ ಎಷ್ಟೋ ಪಾಲು ಸಣ್ಣದು. ನರ ಆ ಸಂದಿಗೆ ಒಂದು ಚೂರು ರಸ ಬಿಡುತ್ತೆ. ರಸ ಆಚೆ ದಾಟಿದ್ರೆ ಮಾಂಸ ಅಲ್ಲಾಡುತ್ತೆ. ದಾಟಲಿಲ್ಲ ಅಂದ್ರೆ ನರ ಇದ್ದೂ ಏನು ಬಂತು?"

"ಒಂದು ಎಳೆಗೆ ಒಂದೇ ನರಾನಾ ಮೇಡಂ?"

"ಕೊನೆಗೆ ಒಂದೇ. ಮೊದಮೊದಲು ನಾಲ್ಕಾರು ಬಂದು ನಾನು ತಾನು ಅಂತ ಒಂದೇ ಎಳೆಗೆ ಸೇರ್ಕೊಳ್ತವೆ. ಆಮೇಲೆ ಒಂದೊಂದೇ ಹಿಂದೆ ಸರಿದು ಒಂದು ಉಳಿಯುತ್ತೆ."

"ನಮ್ಮ ಸ್ಕೂಲಿನಲ್ಲಿ ಆ ಹಂತ ಇನ್ನೂ ಬಂದಿಲ್ಲ," ಎಂದೆ. ನನಗೆ ಬೆಲ್ ಹೊಡೆಯಲು ಅಪ್ಪಣೆ ಕೊಡುವವರು ಆಗ ನಾಲ್ಕು ಜನರಿದ್ದರು. ಮೇಡಂ ಕುರ್ಚಿ ಹಿಡಿದುಕೊಂಡು ನಕ್ಕರು. ನಗುತ್ತಲೇ ಕಿಟಕಿಗೆ ಟೇಪ್ ಹಚ್ಚಿ ಆ ಮೊಟ್ಟೆಯನ್ನು ಪೆಟ್ಟಿಗೆಗೆ ಇಟ್ಟರು.

ಪ್ರದರ್ಶನದ ಹಿಂದಿನ ದಿನ ಬೆಳಿಗ್ಗೆಯೇ ಅವರು ಚಾರ್ಟು, ಭೂತಗನ್ನಡಿ, ಇನ್ನೊಂದು ಬಲ್ಬಿನ ಪೆಟ್ಟಿಗೆ ತೆಗೆದುಕೊಂಡು ಬೇಲೂರಿಗೆ ಹೊರಟರು. ಶನಿವಾರದ ಅರ್ಧ ದಿನದ ಶಾಲೆ ಬಿಟ್ಟಮೇಲೆ ಮಧ್ಯಾಹ್ನದ ಬಸ್ಸಿನಲ್ಲಿ ನಾನು ಮೊಟ್ಟೆಗಳನ್ನು ತರಬೇಕು. ಹತ್ತಿ ಹಾಸಿದ ಬುಟ್ಟಿ, ಬಿಸಿನೀರಿನ ರಬ್ಬರ್ ಚೀಲ ಕೊಟ್ಟರು.

"ದಾರೀಲಿ ಸ್ವಲ್ಪ ತಣ್ಣಗಾದ್ರೆ ಹೆದರಬೇಡಿ ಧರಣೇಂದ್ರಯ್ಯ. ತಾಯಿಕೋಳಿ ಕೂಡ ಮೇಯೋಕೆ ಎದ್ದು ಹೋಗುತ್ತೆ. ಬಿಸಿ ಮಾತ್ರ ಜಾಸ್ತಿ ಆಗಬಾರ್ದು. ನೆನಪಿರುತ್ತಾ?"

"ನೆನಪಿರುತ್ತೆ ಮೇಡಂ," ಎಂದೆ. ನಿಜ ಹೇಳಬೇಕೆಂದರೆ ನಾನು ಅರ್ಧ ಮಾತನ್ನೂ ಕೇಳಿಸಿಕೊಂಡಿರಲಿಲ್ಲ. ನನ್ನ ಕಿವಿಗಳೆಲ್ಲ ಆಗಲೇ ಬೇರೊಂದು ಜಾಗದಲ್ಲಿ ಗುಂಪುಗೂಡಿದ್ದವು. ಹಳೇಬೀಡಿನಲ್ಲಿ!

ಬೇಲೂರಿನ ಬಸ್ಸು ಹಳೇಬೀಡಿನ ಮೇಲೆ ಹಾದು ಹೋಗಬೇಕು. ಹಳೇಬೀಡಿನಲ್ಲಿ ಬಸ್ಸು ನಿಲ್ಲುವ ಕಡೆಯೇ ನನ್ನ ಮಾವನ ಕೊಬ್ಬರಿ ಅಂಗಡಿ. ಬಂದ ಬಸ್ಸನ್ನೆಲ್ಲ ಒಮ್ಮೆ ಕಣ್ಣಾಡಿಸಿ ನೋಡದೆ ಮಾವ ಗಲ್ಲಾಪೆಟ್ಟಿಗೆ ಮುಚ್ಚುತ್ತಿರಲಿಲ್ಲ. ಬಸದಿಯಲ್ಲಿ ದಿನವೂ ಪೂಜೆ ಮಾಡಿಸುವ, ನೀರನ್ನು ಸೋಸದೆ ಕುಡಿಯದ, ದಾರಿಯಲ್ಲಿ ಇರುವೆ ಸಾಲು ಕಂಡರೆ ಸುತ್ತು ಬಳಸಿ ಹೋಗುವ ಮಾವ! ಅವರ ಕಣ್ಣಿಗೆ ಮೊಟ್ಟೆ ಬುಟ್ಟಿ ಹಿಡಿದ ಅಳಿಯ ಬಿದ್ದರೆ?

ಆದ್ದರಿಂದ ನಾನು ವಿಜ್ಞಾನವನ್ನು ಸ್ವಲ್ಪ ಸುಧಾರಿಸಲು ನಿರ್ಧರಿಸಿದೆ. ಕೋಳಿ ಬುಟ್ಟಿಯನ್ನೂ ರಬ್ಬರ್ ಚೀಲವನ್ನೂ ಬಳಸುತ್ತದೆಯೇ? ಇಲ್ಲ. ಹೊಟ್ಟೆಯನ್ನು ಬಳಸುತ್ತದೆ. ನನಗೂ ಹೊಟ್ಟೆಯಿದೆ. ಕೋಳಿಗಿಂತ ನಾನೇನು ಕಡಿಮೆ!

ಮನೆಗೆ ಹೋಗಿ ಹೆಂಡತಿ ಪದ್ಮಳನ್ನು ಕೇಳಿದೆ. "ಬಾಣಂತನದಲ್ಲಿ ನಿನ್ನ ಹೊಟ್ಟೆಗೆ ಕಟ್ಟಿದ್ದ ಹಳೇ ಸೀರೆ ಎಲ್ಲಿ?"

"ಯಾಕ್ರೀ?"

"ಸೊಂಟ ಉಳುಕಿದೆ."

"ಬೆಳಿಗ್ಗೆ ಬಾವಿಯಿಂದ ನೀರು ಸೇದೋವಾಗ ಚೆನ್ನಾಗೇ ಇತ್ತಲ್ಲ."

"ಈಗ ಉಳುಕಿತು."

ಅವಳು ಸೀರೆಯನ್ನು ನನ್ನ ಸೊಂಟಕ್ಕೆ ಸುತ್ತಿ, ಬಾಣಂತಿಗೆ ಕಟ್ಟುವ ಹಾಗೆ ಮಂಡಿ ಕೊಟ್ಟು ಬಿಗಿದಳು. ಉಳುಕದೆ ಇದ್ದ ಸೊಂಟ ಆಗ ನಿಜವಾಗಿ ಉಳುಕಿತು. ಶಾಲೆಗೆ ಬಂದು ಪ್ರಯೋಗಶಾಲೆಯ ಬಾಗಿಲು ಹಾಕಿಕೊಂಡು, ಆರು ಮೊಟ್ಟೆಗಳನ್ನು ಹತ್ತಿಯಲ್ಲಿ ಸುತ್ತಿ ಸೀರೆಯ ಪದರಗಳಲ್ಲಿ ಸೇರಿಸಿಕೊಂಡೆ. ಮೇಲೆ ಅಂಗಿ, ಅದರ ಮೇಲೆ ಶಾಲು. ಕಿಟಕಿ ಕೊರೆದಿದ್ದ ಮೊಟ್ಟೆಯನ್ನು ಮಾತ್ರ ಪೆಟ್ಟಿಗೆಯಲ್ಲೇ ಬಿಟ್ಟೆ. ಅದು ನನ್ನ ಪುಣ್ಯವೋ ಅದರ ಪುಣ್ಯವೋ.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಬಾಣಾವರದಲ್ಲಿ ಜನ ನುಗ್ಗಿದರು. ಒಬ್ಬಾತ ಅವರೆಕಾಯಿ ಮೂಟೆಯನ್ನು ನನ್ನ ತೊಡೆಯ ಮೇಲೆ ಇಡಲು ಬಂದ. ನಾನು ಎರಡೂ ಕೈಯಿಂದ ಹೊಟ್ಟೆ ಹಿಡಿದು "ಅಯ್ಯೋ!" ಎಂದೆ.

"ಏನ್ ಸ್ವಾಮಿ, ಹೊಟ್ಟೆನೋವಾ?" ಎಂದ ಕಂಡಕ್ಟರ್.

"ಹೂಂ."

ಪಕ್ಕದ ಸೀಟಿನ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹೊಟ್ಟೆನೋವಿನೋರು ಹಂಗೆ ಹಿಡ್ಕಳ್ಳಲ್ಲ ಕಣಪ್ಪ. ಇವ್ರು ತುಂಬಿದ ಬಸುರಿ ಹಿಡ್ಕಂಡಂಗೆ ಹಿಡ್ಕಂಡವ್ರೆ!"

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ, ಆದರೆ ಹೊಟ್ಟೆ ಅಲ್ಲಾಡದ ಹಾಗೆ. ಹಾಗೆ ನಗುವುದು ಎಷ್ಟು ಕಷ್ಟ ಎಂಬುದನ್ನು ಓದುಗರು ಮನೆಯಲ್ಲಿ ಪ್ರಯತ್ನಿಸಿ ನೋಡಬಹುದು. ಜಾವಗಲ್ಲಿನವರೆಗೆ ಗುಂಡಿ ಬಂದಾಗಲೆಲ್ಲ ಸೀಟಿನಿಂದ ಅರ್ಧ ಎದ್ದು, ಗುಂಡಿ ಕಳೆದ ಮೇಲೆ ಕೂರುತ್ತಿದ್ದೆ. ಆರೂ ಕ್ಷೇಮವಾಗಿದ್ದವು. ಹೊಟ್ಟೆಯ ಮೇಲೆ ಬೆಚ್ಚಗೆ ಒತ್ತುತ್ತಿದ್ದವು. ಒಳಗೆ ಹುಣಸೆಬೀಜದಷ್ಟು ಮರಿಗಳು ನನ್ನ ಕಾವಿನಲ್ಲಿ ತಲೆ ಬಾಗಿಸಿ ಎತ್ತುತ್ತಿರಬಹುದು ಎಂದು ನೆನೆದಾಗ, ಹೇಳಲು ನಾಚಿಕೆ, ಒಂದು ಬಗೆಯ ಮಮತೆಯೇ ಹುಟ್ಟಿತು.

ಹಳೇಬೀಡು ಬಂತು. ನಾನು ಶಾಲನ್ನು ತಲೆಯ ಮೇಲೆ ಎಳೆದುಕೊಂಡು ಕುಗ್ಗಿ ಕುಳಿತೆ.

"ಏನ್ ಅಳಿಯಂದ್ರೇ! ನಮ್ಮೂರ ಮೇಲೆ ಹಾಯ್ದು ಹೋಗ್ತಾ ಮುಖ ಮುಚ್ಕೊಂಡಿದೀರಲ್ಲ!"

ಕಿಟಕಿಯ ಹೊರಗೆ ಮಾವ ನಿಂತಿದ್ದರು.

"ಚಳಿ ಮಾವ. ಬೇಲೂರಲ್ಲಿ ಸ್ಕೂಲಿನ ಕೆಲಸ. ನಾಳೆ ಬರುವಾಗ ಇಳೀತೀನಿ."

ಮಾವ ಪಶ್ಚಿಮಕ್ಕೆ ನೋಡಿದರು. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಮಾವನ ಮನೆಯಲ್ಲಂತೂ ಅದು ಕಲ್ಲಿನಲ್ಲಿ ಕೊರೆದ ನಿಯಮ.

"ಬೇಲೂರು ಸೇರೋ ಹೊತ್ತಿಗೆ ಕತ್ಲಾಗ್ತದೆ. ಉಪವಾಸ ಇರ್ತೀರಾ, ಇಲ್ಲ ಕತ್ತಲಲ್ಲಿ ಹೋಟೆಲಲ್ಲಿ ತಿಂತೀರಾ?"

"ಮಾವ, ಉಪವಾಸ ಇರ್ತೀನಿ..."

"ನಮ್ಮೂರ ಮೇಲೆ ಹೋಗೋ ಅಳಿಯ ಉಪವಾಸ ಹೋದ್ರೆ ನಾನು ಹೆಂಗೆ ಉಣ್ಣಲಿ? ಇಳೀರಿ! ಏಯ್ ಕಂಡಕ್ಟ್ರೇ, ನಮ್ಮ ಅಳಿಯಂದ್ರನ್ನ ಇಳಿಸಯ್ಯ!"

ಮೇಡಂ ಹೇಳಿದ್ದು ನೆನಪಾಯಿತು. ಒಂದೇ ಎಳೆಗೆ ನಾಲ್ಕಾರು ನರ! ಒಂದು ನರ ಬೇಲೂರಿಗೆ ಎಳೆಯುತ್ತಿತ್ತು, ಒಂದು ಹಳೇಬೀಡಿಗೆ. ಎಳೆ ಹಳೇಬೀಡಿನಲ್ಲಿ ಇಳಿಯಿತು.

ಇಳಿದ ಕೂಡಲೇ ಮಾವ ನನ್ನ ಶಾಲಿನ ಉಬ್ಬನ್ನು ನೋಡಿದರು. "ಹೊಟ್ಟೆ ಬಂದೈತಲ್ಲ ಅಳಿಯಂದ್ರೇ! ನಮ್ಮ ಮಗಳು ಚೆನ್ನಾಗಿ ಬಡಿಸ್ತಾ ಅವ್ಳೆ!" ಎಂದು ತಟ್ಟಲು ಕೈ ಎತ್ತಿದರು. ನಾನು ತಟಕ್ಕನೆ ಬಗ್ಗಿ ಅವರ ಕಾಲಿಗೆ ನಮಸ್ಕಾರ ಮಾಡಿದೆ. ಹಬ್ಬದ ದಿನವೂ ಅಷ್ಟು ಭಕ್ತಿಯಿಂದ ಮಾಡಿದವನಲ್ಲ. ಮಾವ ಗದ್ಗದಿತರಾದರು.

ಮನೆಯಲ್ಲಿ ಅತ್ತೆ ಆತುರದಲ್ಲಿದ್ದರು. "ಹೊತ್ತು ಇಳೀತಾ ಐತೆ, ಬನ್ನಿ ಬನ್ನಿ. ಅಂಗಿ ತೆಗೆದು, ಕೈಕಾಲು ತೊಳ್ಕೊಂಡು, ಮಡಿಪಂಚೆ ಉಟ್ಕೊಂಡು ಬನ್ನಿ. ಎಲೆ ಹಾಕ್ತೀನಿ."

ಅಂಗಿ ತೆಗೆದು! ನಾನು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಸೀರೆ ಬಿಚ್ಚಿದೆ. ಆರು ಮೊಟ್ಟೆಗಳನ್ನು ಎಲ್ಲಿಡುವುದು? ಸೀರೆಯ ಸಮೇತ ಒಂದು ಮೂಲೆಯಲ್ಲಿ ಇಟ್ಟಿದ್ದರೆ ಸಾಕಾಗಿತ್ತು. ಸ್ವಲ್ಪ ತಣ್ಣಗಾಗುತ್ತಿದ್ದವು, ಅಷ್ಟೆ. ಆದರೆ ಆ ಅರ್ಧ ಮಾತನ್ನೇ ನಾನು ಕೇಳಿಸಿಕೊಂಡಿರಲಿಲ್ಲವಲ್ಲ! ಹಂಡೆಯ ಕೆಳಗಿನ ನೀರೊಲೆ ಬೆಳಿಗ್ಗೆಯೇ ಆರಿತ್ತು. ಬೂದಿಯಲ್ಲಿ ಕೈಯಿಟ್ಟೆ. ಉಗುರುಬೆಚ್ಚಗಿತ್ತು. ತಾಯಿಕೋಳಿಯ ಹೊಟ್ಟೆ ಇಷ್ಟೇ ಬೆಚ್ಚಗಿರುತ್ತದೆ ಎಂದು ತೀರ್ಮಾನಿಸಿದೆ. ತಾಯಿಕೋಳಿಯ ಹೊಟ್ಟೆಯನ್ನು ನಾನು ಜನ್ಮದಲ್ಲಿ ಮುಟ್ಟಿರಲಿಲ್ಲ. ಒಲೆಯ ಒಳಗೆ, ಯಾರ ಕಣ್ಣಿಗೂ ಬೀಳದ ಹಾಗೆ, ಬೂದಿಯಲ್ಲಿ ಆರನ್ನೂ ಹುದುಗಿಸಿ, ಪಂಚೆ ಉಟ್ಟು ಹೊರಗೆ ಬಂದೆ. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಊಟಕ್ಕೆ ಕುಳಿತೆವು. ಮಾವ ಉಣ್ಣುವಾಗ ಮೌನ. ಎಲೆಯ ಮುಂದಿನಿಂದ ನಡುವೆ ಎದ್ದವರಿಗೆ ಆ ಹೊತ್ತಿನ ಊಟ ಮುಗಿದ ಹಾಗೆ. ಅಳಿಯ ಹಾಗೆ ಎದ್ದರೆ ಮನೆಯವರ ಊಟವೂ ಕೆಟ್ಟ ಹಾಗೆ. ಅಕ್ಕಿರೊಟ್ಟಿ, ಅನ್ನ, ಹಿತಕಿದ ಅವರೆ ಸಾರು. ಮೊದಲ ತುತ್ತು ಬಾಯಿಗಿಟ್ಟಿದ್ದೆ. ಅತ್ತೆ ಒಳಗಿನಿಂದ ತುಪ್ಪ ತಂದರು.

"ನಿಧಾನಕ್ಕೆ ಊಟ ಮಾಡಿ. ಬಸ್ಸಿನ ಧೂಳು, ಮೈಗೆ ನೀರು ಹಾಕ್ಕೊಳ್ಳೋರಂತೆ. ಈಗ ನೀರೊಲೆಗೆ ಉರಿ ಹಾಕಿ ಬಂದೆ. ತೆಂಗಿನ ಸಿಪ್ಪೆ ಚೆನ್ನಾಗಿ ಹತ್ಕೊಂಡೈತೆ."

ನನ್ನ ಕೈ ಎಲೆಯ ಮೇಲೆ ನಿಂತಿತು.

"ಅತ್ತೆ... ನೀರು ಬೇಡ. ನಾನು ತಣ್ಣೀರು..."

"ಈ ಚಳೀಲಾ? ಸುಮ್ನಿರಿ."

ಎದ್ದು ಓಡಬೇಕು. ಕಾಲಿಗೆ ಹೇಳಿದೆ, ಕಾಲು ಕೇಳಲಿಲ್ಲ. ಮಾವ ನನ್ನ ಮುಖವನ್ನೇ ನೋಡುತ್ತಿದ್ದರು. ಬಾಯಲ್ಲಿ ಅನ್ನವಿತ್ತು, ಅದರ ಹಿಂದೆ ಮಾತೂ ಇತ್ತು. ಅನ್ನ ಒಳಗೆ ಹೋಯಿತು. ಮಾತೂ ಅದರ ಹಿಂದೆಯೇ ಹೋಯಿತು.

ಫಟ್!

ಅತ್ತೆ ತಿರುಗಿ ನೋಡಿದರು. "ಸಿಪ್ಪೇಲಿ ಏನೋ ಸೇರ್ಕೊಂಡಿತ್ತೇನೋ."

ಫಟ್!

ಮಾವ ಮೌನ ಮುರಿಯದೆ ಹುಬ್ಬು ಏರಿಸಿದರು. ನಾನು ಸಾರು ಕಲಸಿದೆ. ಕಲಸಲು ಏನೂ ಉಳಿದಿರಲಿಲ್ಲ, ಆದರೂ ಕಲಸಿದೆ.

"ಏನೋ ಕೂದಲು ಸುಟ್ಟ ವಾಸನೆ ಅಲ್ವೇ?" ಎಂದರು ಅತ್ತೆ.

"ನನ್ನ ಶಾಲಿನ ಅಂಚು ಅತ್ತೆ. ಒಲೆಗೆ ಸ್ವಲ್ಪ ತಾಗಿತ್ತು."

"ಒಲೆ ಆಗ ಆರಿತ್ತಲ್ಲ!"

ಫಟ್! ಆ ಪ್ರಶ್ನೆಯಿಂದ ನನ್ನನ್ನು ಕಾಪಾಡಿದ್ದು ಮೂರನೆಯ ಮೊಟ್ಟೆ. ನಾನು ಅದಕ್ಕೆ ಮಾಡಿದ ಅಪಕಾರಕ್ಕೆ ಅದು ನನಗೆ ಮಾಡಿದ ಉಪಕಾರ.

ಊಟ ಮುಗಿಸಿ ನಾನು ಸ್ನಾನಕ್ಕೆ ಓಡಿದ ವೇಗ ಕಂಡು ಅತ್ತೆ, "ಪಾಪ, ಎಷ್ಟು ಚಳಿಯೋ," ಎಂದರಂತೆ. ಬೂದಿ ಕೆದಕಿ, ಕರಕಾದದ್ದನ್ನೂ ಬಿರಿದದ್ದನ್ನೂ ಟವೆಲಿನಲ್ಲಿ ಬಾಚಿಕೊಂಡು ಹಿತ್ತಿಲ ತಿಪ್ಪೆಗೆ ಹಾಕಿದೆ. ಒಂದು ಚಿಪ್ಪು ಎರಡಾಗಿ ತೆರೆದಿತ್ತು. ಒಳಗೆ ಏನಿತ್ತೋ ನಾನು ನೋಡಲಿಲ್ಲ. ಈ ಸಲ ಎರಡೂ ಕಣ್ಣು ಮುಚ್ಚಿಕೊಂಡಿದ್ದೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಬರೀ ದಡ್ಡತನವಾಗುತ್ತಿತ್ತು. ಬೆಳಿಗ್ಗೆ ಮೊದಲ ಬಸ್ಸಿಗೆ ಬೇಲೂರಿಗೆ ಹೋಗಿ, ಮೇಡಂ ಎದುರು ನಿಂತು, ಹೀಗಾಯ್ತು ಎಂದು ಹೇಳಿಬಿಡಬೇಕಿತ್ತು. ಅವರ ಬಳಿ ಚಾರ್ಟುಗಳಿದ್ದವು, ಮಾತಿತ್ತು. ಮೊಟ್ಟೆಯಿಲ್ಲದೆಯೂ ಅವರು ಆ ಸಭೆಯನ್ನು ಗೆಲ್ಲುತ್ತಿದ್ದರು. ಆದರೆ ನಾನು ಬೇಲೂರಿನಲ್ಲಿ ಇಳಿದು, ಮೇಡಂ ಹತ್ತಿರ ಹೋಗುವ ಮೊದಲು ಒಂದು ಅಂಗಡಿಗೆ ಹೋದೆ.

"ಮೊಟ್ಟೆ ಇದೆಯಾ?" ಪಿಸುಗುಟ್ಟಿದೆ. ಹುಟ್ಟಿದಾಗಿನಿಂದ ಆ ಮಾತನ್ನು ಅಂಗಡಿಯಲ್ಲಿ ಆಡಿದವನಲ್ಲ.

"ಐತೆ. ಬಿಕ್ಕೋಡಿಂದ ಜೀಪಲ್ಲಿ ಈಗ ಬಂದಿರೋ ನಾಟಿ."

"ಈಗ ಬಂದದ್ದು ಬೇಡ. ಒಂದು ಐದಾರು ದಿನದ್ದು ಇದ್ರೆ ಕೊಡಿ."

ಅಂಗಡಿಯವನ ಮುಖ ಕೆಂಪಾಯಿತು. "ಹಳೇ ಮಾಲು ಮಾರೋ ಅಂಗಡಿ ಅಂದ್ಕಂಡ್ರಾ ಇದನ್ನ?"

"ಅಲ್ಲ ಅಲ್ಲ... ಇದರ ತಾಯಿ ಹುಂಜದ ಜೊತೆ ಇತ್ತಾ?"

"ಸ್ವಾಮಿ, ನೀವು ಮೊಟ್ಟೆ ತಗಳಕ್ಕೆ ಬಂದಿದೀರಾ, ಇಲ್ಲ ಸಂಬಂಧ ಕೇಳಕ್ಕೆ ಬಂದಿದೀರಾ?"

ಆರು ಮೊಟ್ಟೆ ತೆಗೆದುಕೊಂಡೆ. ಒಂದು ಮರದ ಕೆಳಗೆ ಕುಳಿತು ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಪುಟ್ಟ ನಕ್ಷತ್ರ ಬರೆದೆ. ಅಷ್ಟು ಅಂದವಾಗಿ ನಾನು ಪರೀಕ್ಷೆಯಲ್ಲೂ ಬರೆದಿರಲಿಲ್ಲ. ಜೀಪಿನಲ್ಲಿ ಘಟ್ಟದ ಕಡೆಯಿಂದ ಕುಲುಕಿಕೊಂಡು ಬಂದ ಮೊಟ್ಟೆಗಳು, ಒಳಗೆ ಏನಾದರೂ ಅಲ್ಲಾಡಿದರೂ ಅಲ್ಲಾಡೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಸ್ಸೆಸ್ಸೆಲ್ಸಿ!

ಪ್ರದರ್ಶನ ನಡೆಯುವ ಶಾಲೆಯ ಗೇಟಿನಲ್ಲೇ ಮೇಡಂ ಕಾಯುತ್ತಿದ್ದರು. ನಿದ್ದೆಗೆಟ್ಟ ಕಣ್ಣು. "ನಿನ್ನೆ ಬರಲಿಲ್ಲವಲ್ಲ ಧರಣೇಂದ್ರಯ್ಯ, ಎಷ್ಟು ಹೆದರಿದ್ದೆ ಗೊತ್ತಾ? ಮೊಟ್ಟೆ ಹುಷಾರಾಗಿವೆಯಾ?"

"ಮಾವ ಇಳಿಸಿಕೊಂಡುಬಿಟ್ರು ಮೇಡಂ."

ಅವರು ಕೇಳಿದ್ದು ಮೊಟ್ಟೆಯ ವಿಷಯ, ನಾನು ಹೇಳಿದ್ದು ಮಾವನ ವಿಷಯ. ಅದನ್ನು ಗಮನಿಸುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ಮೊಟ್ಟೆಗಳನ್ನು ಬಲ್ಬಿನ ಪೆಟ್ಟಿಗೆಗೆ ಇಟ್ಟು ಹೊಸ ಸೀರೆಯ ಸೆರಗು ಸರಿಮಾಡಿಕೊಂಡರು.

ಸಭೆ ತುಂಬಿತ್ತು. ಮುಂದಿನ ಸಾಲಿನಲ್ಲಿ ನಮ್ಮ ಅಧ್ಯಕ್ಷರು, ಪಕ್ಕದಲ್ಲಿ ಶಿಕ್ಷಣ ಇಲಾಖೆಯ ದೊಡ್ಡ ಸಾಹೇಬರು. ಮೇಡಂ ಮಾತಾಡಿದರು. ತಡವಿಕೊಂಡು ಹೋಗುವ ನರ, ಗುಂಪುಗೂಡುವ ಕಿವಿಗಳು, ಸಂದು ದಾಟುವ ರಸ, ಹಿಂದೆ ಸರಿಯುವ ನರಗಳು. ಸಭೆ ಉಸಿರು ಹಿಡಿದು ಕೇಳಿತು. ಸಾಹೇಬರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಈಗ ಅದನ್ನ ಕಣ್ಣಾರೆ ನೋಡಿ," ಎಂದು ಮೇಡಂ ಮೊದಲ ಮೊಟ್ಟೆಯಲ್ಲಿ ಕಿಟಕಿ ಕೊರೆದರು.

ಒಳಗೆ ಹಳದಿ. ಚಂದ್ರನ ಹಾಗೆ ದುಂಡಗೆ, ನಿಶ್ಚಲವಾಗಿ.

"ಒಂದೊಂದು ಹೀಗಾಗುತ್ತೆ," ಎಂದು ನಕ್ಕು ಎರಡನೆಯದನ್ನು ಕೊರೆದರು. ಹಳದಿ. ಮೂರನೆಯದನ್ನು ನಗದೆ ಕೊರೆದರು. ಹಳದಿ.

"ಇನ್ನೊಂದು ಸ್ವಲ್ಪ ಈರುಳ್ಳಿ ಹಾಕಿ ಮೇಡಂ!" ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆ ಬಿದ್ದು ಬಿದ್ದು ನಕ್ಕಿತು. ಅಧ್ಯಕ್ಷರು ನಗಲಿಲ್ಲ.

ಮೇಡಂ ತಲೆಯೆತ್ತಿ ನನ್ನ ಕಡೆ ನೋಡಿದರು. ಮೇಜಿನ ಆಚೆ ಅವರು, ಈಚೆ ನಾನು. ಮೆಲ್ಲಗೆ, ನನಗೊಬ್ಬನಿಗೇ ಕೇಳುವಂತೆ ಕೇಳಿದರು:

"ಧರಣೇಂದ್ರಯ್ಯ, ಇವು ನಮ್ಮ ಮೊಟ್ಟೆಗಳೇ ತಾನೆ?"

ನನ್ನ ಮೈಯ ನರಗಳೆಲ್ಲ ಒಟ್ಟಿಗೆ ನಾಲಿಗೆಗೆ ಬಂದು ಸೇರಿದವು. ಒಂದು ಹೇಳು ಎಂದಿತು. ಒಂದು ಮಾವ ಎಂದಿತು. ಒಂದು ಸಂಬಳ ಎಂದಿತು. ಒಂದು ನಕ್ಷತ್ರ ಬರೆದದ್ದನ್ನು ನೆನಪಿಸಿತು.

"ಹೌದು ಮೇಡಂ," ಎಂದೆ.

ಅವರು ಒಂದು ಕ್ಷಣ ನನ್ನನ್ನು ನೋಡಿ, ಸಭೆಯ ಕಡೆ ತಿರುಗಿ, "ಕ್ಷಮಿಸಿ. ಕಾವಿನಲ್ಲಿ ನನ್ನಿಂದಲೇ ಏನೋ ತಪ್ಪಾಗಿರಬೇಕು," ಎಂದರು.

ಜೂನ್ ಬರುವವರೆಗೆ ಕಾಯಬೇಕಾಗಲಿಲ್ಲ. ಮಾರ್ಚ್ ತಿಂಗಳಲ್ಲೇ ಅಧ್ಯಕ್ಷರು ಬೇರೆಯವರನ್ನು ನೋಡಿಕೊಂಡರು. ತಾಯಿ ಮಗಳ ಟ್ರಂಕನ್ನು ಸ್ಟೇಷನ್‌ಗೆ ಹೊತ್ತವನು ನಾನೇ. ಅಷ್ಟಾದರೂ ಮಾಡೋಣ ಎಂದು ಕೂಲಿಯವನನ್ನು ಬೇಡವೆಂದಿದ್ದೆ. ಮೇಡಂ ರೈಲಿನ ಬಾಗಿಲಲ್ಲಿ ನಿಂತಿದ್ದರು. ರೈಲಿಗೂ ಪ್ಲಾಟ್‌ಫಾರಂಗೂ ನಡುವೆ ಒಂದು ಗೇಣು ಸಂದು.

"ಆ ಮರೀನ ಚೆನ್ನಾಗಿ ನೋಡ್ಕೊಳ್ಳಿ ಧರಣೇಂದ್ರಯ್ಯ. ಅದೊಂದಾದ್ರೂ ಆಯ್ತಲ್ಲ."

ಬಾಯಿ ತೆರೆದೆ. ಗಾರ್ಡ್ ಸೀಟಿ ಊದಿದ. ತೆರೆದ ಬಾಯನ್ನು ಹಾಗೇ ಇಟ್ಟುಕೊಂಡು ರೈಲು ಹೋಗುವುದನ್ನು ನೋಡಿದೆ.

ಮರಿ ಎಂದರೆ, ಪೆಟ್ಟಿಗೆಯಲ್ಲಿ ಉಳಿದಿದ್ದ ಕಿಟಕಿಯ ಮೊಟ್ಟೆಯದು. ಮೇಡಂ ಅದನ್ನು ಶಾಲೆಯ ಹಿಂದಿನ ಮನೆಯವರ ಕೋಳಿಯ ಕೆಳಗೆ ಇಡಿಸಿದ್ದರು. ಅದು ಮರಿಯಾಗಿ, ಬೆಳೆದು, ಹುಂಜವಾಯಿತು. ಅದರಲ್ಲಿ ನರಕ್ಕೂ ಮಾಂಸಕ್ಕೂ ಸಂಬಂಧ ಎಷ್ಟು ಚೆನ್ನಾಗಿ ಕೂಡಿತ್ತೆಂದರೆ, ನನ್ನ ಕಾಲು ಕಂಡರೆ ಸಾಕು, ಮೈದಾನದ ಆ ತುದಿಯಿಂದ ಅಟ್ಟಿಸಿಕೊಂಡು ಬರುತ್ತಿತ್ತು. ಬೇರೆ ಯಾರನ್ನೂ ಕುಕ್ಕುತ್ತಿರಲಿಲ್ಲ! ಬೆಲ್ ಹೊಡೆಯಲು ನಾನು ಕುಂಟುತ್ತ ಓಡುವುದನ್ನು ನೋಡಲು ಹುಡುಗರು ಬೇಗ ಶಾಲೆಗೆ ಬರತೊಡಗಿದರು. ಹಾಜರಿ ಸುಧಾರಿಸಿತೆಂದು ಹೆಡ್‌ಮಾಸ್ಟರು ಸಂತೋಷಪಟ್ಟರು.

ಎಷ್ಟೋ ವರ್ಷಗಳ ನಂತರ, ಮಾವನಿಗೆ ತೀರ ವಯಸ್ಸಾದ ಮೇಲೆ, ಒಂದು ದಿನ ಜಗಲಿಯಲ್ಲಿ ಕುಳಿತಾಗ ಅವರೇ ಮಾತು ತೆಗೆದರು.

"ಅಳಿಯಂದ್ರೇ, ಆವತ್ತು ನಮ್ಮ ನೀರೊಲೇಲಿ ಸಿಡಿದದ್ದು ಏನು ಅಂತ ನನಗೆ ಗೊತ್ತು. ಮಾರನೇ ದಿನ ನಾಯಿ ತಿಪ್ಪೆಯಿಂದ ಚಿಪ್ಪು ಕಚ್ಕೊಂಡು ಬಂತು. ನಿಮ್ಮತ್ತೆಗೆ ಹೇಳ್ಲಿಲ್ಲ. ಚಪಲ, ಸುಟ್ಕೊಂಡು ತಿನ್ನೋ ಅಭ್ಯಾಸ ಆಗೈತೆ ಅಂತ ಸುಮ್ನಾದೆ."

ಅಂದರೆ ಅಷ್ಟು ವರ್ಷ, ಮಾವನ ಮನೆಯಲ್ಲಿ ಕದ್ದು ಮೊಟ್ಟೆ ಸುಟ್ಟು ತಿನ್ನುವ ಅಳಿಯ ಎಂದುಕೊಂಡೇ ಆ ಮನುಷ್ಯ ನನ್ನನ್ನು ಹಬ್ಬಕ್ಕೆ ಕರೆದು ಹೋಳಿಗೆ ಬಡಿಸಿದ್ದರು! ನಾನು ಮೊದಲ ಬಾರಿಗೆ ನಡೆದದ್ದನ್ನೆಲ್ಲ ಹೇಳಿದೆ. ಮಾವ ಪೂರ್ತಿ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

"ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವೇ? ಹತ್ತಿ ಹಾಸಿ ನಾನೇ ಬೆಚ್ಚಗೆ ಇಡಿಸ್ತಿದ್ದೆ. ಜೀವ ಅಲ್ವೇ ಅದು? ಇರುವೆಗೆ ದಾರಿ ಬಿಡೋ ಮನೆ ಇದು." ಮತ್ತೆ ಕೇಳಿದರು: "ಆಯಮ್ಮಂಗೆ ಹೇಳಿದ್ರಾ?"

"ಹೇಳ್ತೀನಿ ಮಾವ," ಎಂದೆ.

ಮಾವ ಹೋಗಿಯೂ ಬಹಳ ಕಾಲವಾಯಿತು. ಹುಂಜವೂ ಇಲ್ಲ. ಮೇಡಂ ಎಲ್ಲಿದ್ದಾರೋ, ಇದ್ದಾರೋ, ಹುಡುಕಬಹುದಿತ್ತು. ಗಡಿಯಾರ, ಚಪ್ಪಲಿ, ಛತ್ರಿಗಳ ನಡುವೆ ಪುರುಸೊತ್ತಾಗಲಿಲ್ಲ. ಕೂದಲಿಗಿಂತ ಸಣ್ಣ ಸಂದನ್ನು ಹುಣಸೆಬೀಜದಷ್ಟು ಮರಿ ತಾನೇ ದಾಟಿ ತಲೆ ಬಾಗಿಸಿತು. ನಾನು ಮೇಜಿನಷ್ಟು ಅಗಲದ ಸಂದನ್ನು ದಾಟಲು ಇಡೀ ಆಯುಷ್ಯ ತೆಗೆದುಕೊಂಡೆ. ಆವತ್ತು ನೀವು ಕೇಳಿದ ಪ್ರಶ್ನೆಗೆ ಉತ್ತರ ಈಗ ಹೇಳುತ್ತಿದ್ದೇನೆ.

ಅಲ್ಲ, ಸುಮಿತ್ರಾ ಮೇಡಂ.